ಪಂಚಮಿಯ ಪ್ರಯಾಣವೂ ೭೨ ಗಂಟೆಗಳೂ

ನಡುವೆ ರಾಜ್ಯದ ಗಡಿಯಿದ್ದರೂ ಗಡಹಿಂಗ್ಲಜದವರು ಸಂಕೇಶ್ವರದಲ್ಲಿಯೂ ಇಚಲಕರಂಜಿಯವರು ನಿಪ್ಪಾಣಿಯಲ್ಲಿಯೂ ಬೀಗತನ ಬೆಳೆಸುವುದು ನಮ್ಮ ಕೊಲ್ಹಾಪುರ ಸೀಮೆಯ ಹಳೆಯ ರೂಢಿ. ೨೦೨೧ನೆಯ ಇಸವಿಯ ಆಗಸ್ಟಿನಲ್ಲಿ, ಪಂಚಮಿಗೆಂದು ತವರಿಗೆ ಹೊರಟ ಹೆಣ್ಣುಮಕ್ಕಳಿಗೆ ಕೊಗನೊಳ್ಳಿಯ ತಪಾಸಣಾ ನಾಕೆಯನ್ನು ದಾಟುವುದೇ ಒಂದು ಪರೀಕ್ಷೆಯಾಯಿತು. ಮಹಾರಾಷ್ಟ್ರದಿಂದ ಬರುವವರು ಎರಡು ಲಸಿಕೆ ಪಡೆದಿದ್ದರೂ, ಕೋವಿಡ್ ಸೋಂಕಿಲ್ಲವೆಂಬ ಆರ್‌ಟಿ-ಪಿಸಿಆರ್ ಪತ್ರವನ್ನು ತೋರಿಸಬೇಕೆಂದು ಕರ್ನಾಟಕ ಸರಕಾರವು ವಿಧಿಸಿತ್ತು. ಆ ಪತ್ರವು ೭೨ ಗಂಟೆಗಳಿಗಿಂತ ಹಳೆಯದಾಗಿರಕೂಡದು.

ಲಸಿಕೆಯಾದ ಮೇಲೂ ಪತ್ರವೇಕೆಂಬ ಪ್ರಶ್ನೆ ನ್ಯಾಯವಾದುದೇ. ಲಸಿಕೆಯು ರೋಗವು ಉಲ್ಬಣಿಸದಂತೆ ಕಾಯುತ್ತದೆ. ಆದರೆ ಅದನ್ನು ಪಡೆದವರಿಗೂ ಸೋಂಕು ತಗಲಿ, ಅವರಿಂದ ಮನೆಯ ವೃದ್ಧರಿಗೆ ಹರಡಬಹುದು. ಇನ್ನು ಗಂಟೆಗಳ ಲೆಕ್ಕ. ಪತ್ರವು ಹೇಳುವುದು ಗಂಟಲ ದ್ರವ ತೆಗೆದ ಹೊತ್ತಿನ ಸಂಗತಿಯನ್ನಷ್ಟೆ. ನಿನ್ನೆ ತಗಲಿದ ಸೋಂಕು ಇಂದಿನ ಪರೀಕ್ಷೆಗೆ ಸಿಗದೆ, ಮೂರು ನಾಲ್ಕು ದಿನಗಳ ತರುವಾಯ ಕಾಣಿಸಿಕೊಳ್ಳಬಹುದು. ದಿನ ಕಳೆದಂತೆ ಪತ್ರದ ಸಾಕ್ಷ್ಯ ದುರ್ಬಲವಾಗುತ್ತದೆ. ಆ ವರ್ಷ ಪಂಚಮಿಯು ಆಗಸ್ಟ್ ೧೩, ಶುಕ್ರವಾರ. ಮಂಗಳವಾರ ಬೆಳಿಗ್ಗೆ ೮ ಗಂಟೆಯ ಪತ್ರವು ಹಬ್ಬದ ಬೆಳಿಗ್ಗೆ ೮ಕ್ಕೆ ಸರಿಯಾಗಿ ತೀರುತ್ತಿತ್ತು. ನಾಕೆಯ ಸಾಲಿನಲ್ಲಿ ಒಂದು ತಾಸು ತಡವಾದರೆ ತವರು ತಪ್ಪಿದಂತೆಯೇ!

ನಿಯಮದಲ್ಲಿ ಕರುಣೆಗೂ ಎಡೆಯಿತ್ತು. ಎರಡು ವರ್ಷದೊಳಗಿನ ಕೂಸಿಗೆ ಪತ್ರ ಬೇಕಿರಲಿಲ್ಲ. ಮನೆಯಲ್ಲಿ ಸಾವು ಸಂಭವಿಸಿದ್ದರೆ ಪತ್ರವಿಲ್ಲದೆಯೂ ಬರಬಹುದಿತ್ತು. ಬಂದ ಮೇಲೆ ಗಂಟಲ ದ್ರವ ಕೊಟ್ಟರೆ ಸಾಕಿತ್ತು.