ದವನದ ಬೆಳೆ: ಎಣ್ಣೆಗಾಗಿ ಕೊಯ್ಯತಕ್ಕ ಕಾಲ

ಹೂಮಾಲೆಗೂ ದೇವರ ಪೂಜೆಗೂ ಮಾರತಕ್ಕ ದವನವನ್ನು ಎಳೆಯದಿರುವಾಗಲೇ ಕೊಯ್ಯುವುದು ವಾಡಿಕೆ. ಎಣ್ಣೆ ಇಳಿಸುವುದಕ್ಕಾಗಿ ಬೆಳೆದ ದವನವನ್ನೂ ಹಾಗೆಯೇ ಕೊಯ್ದರೆ ರೈತನಿಗೆ ನಷ್ಟವು ತಪ್ಪದು. ಇದರ ಕಾರಣವನ್ನು ಬೆಳೆಗಾರರು ಚೆನ್ನಾಗಿ ಮನಗಾಣಬೇಕು.

ಕಾರಣ.— ಸುಗಂಧ ತೈಲವು ಎಲೆಗಳಲ್ಲಿಯೂ ಹೂತಲೆಗಳಲ್ಲಿಯೂ ಇರುವ ಅತಿ ಸೂಕ್ಷ್ಮ ಗ್ರಂಥಿಗಳಲ್ಲಿ ಶೇಖರವಾಗುತ್ತದೆ. ಕಾಂಡದಲ್ಲಿ ಬಹಳ ಕಡಮೆ. ಹೂತಲೆಗಳು ಪೂರ್ತಿಯಾಗಿ ಹೊರಬಿದ್ದಾಗ ಎಣ್ಣೆಯು ಅತ್ಯಧಿಕವಾಗಿರುವುದು. ಬೀಜ ಕಟ್ಟತೊಡಗಿದ ಮೇಲೆ, ಪರಿಮಳಕ್ಕೆ ಪ್ರಧಾನವಾದ ದವನೋನ್ ಎಂಬ ದ್ರವ್ಯವು ಕುಂದುತ್ತಾ ಬರುತ್ತದೆ. ಒಳ್ಳೆಯ ಹದದಲ್ಲಿಯೂ 100 ಕಿಲೋ ಹಸಿ ದವನಕ್ಕೆ ದೊರೆಯುವ ಎಣ್ಣೆ ಸುಮಾರು 200 ಗ್ರಾಂ ಮಾತ್ರ. ಹದ ತಪ್ಪಿದ ಸೊಪ್ಪಿಗೂ ಕೊಯ್ಲಿನ ಕೂಲಿ, ಸಾಗಣೆ, ಸೌದೆಗಳ ವೆಚ್ಚವು ಅಷ್ಟೇ ಆಗುವುದರಿಂದ, ಕೊರತೆಯೆಲ್ಲವೂ ರೈತನ ಲಾಭದಲ್ಲಿಯೇ ಕಳೆದುಹೋಗುತ್ತದೆ.

ಹದದ ಗುರುತು.— ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಒಟ್ಟಲು ಹಾಕಿದ ಬೆಳೆಯು ಸಾಮಾನ್ಯವಾಗಿ ಫೆಬ್ರವರಿ, ಮಾರ್ಚಿಯಲ್ಲಿ ಕೊಯ್ಲಿಗೆ ಬರುತ್ತದೆ. ದಿನಗಳ ಲೆಕ್ಕವೊಂದನ್ನೇ ನಂಬದೆ ಹೊಲದ ನಾಲ್ಕಾರು ಕಡೆ ಗಿಡಗಳನ್ನು ಪರೀಕ್ಷಿಸತಕ್ಕದ್ದು. ಬಹುಪಾಲು ಗಿಡಗಳಲ್ಲಿ ಹಳದಿಯ ಹೂತಲೆಗಳು ಹೊರಬಿದ್ದು ಅರಳುತ್ತಿದ್ದರೆ ಅದೇ ತಕ್ಕ ಕಾಲ. ಹೂವಿನ ಕಾಲದಲ್ಲಿ ಮಳೆ ಬಿದ್ದರೆ ಎಣ್ಣೆ ಇಳಿಮುಖವಾಗುವುದರಿಂದ, ಹದ ಬಂದ ಮೇಲೆ ತಡಮಾಡಲಾಗದು.

ಅನುಸರಿಸತಕ್ಕ ಕ್ರಮಗಳು.—

1. ಇಬ್ಬನಿ ಆರಿದ ಮೇಲೆ ಕೊಯ್ಯಬೇಕು.

2. ಕೊಯ್ದ ಸೊಪ್ಪನ್ನು ರಾಶಿ ಹಾಕಬಾರದು. ರಾಶಿಯು ಒಳಗೆ ಬಿಸಿಯೇರಿ ಕೆಡುತ್ತದೆ. ನೆರಳಿನಲ್ಲಿ ತೆಳುವಾಗಿ ಹರಡಿ ಬಾಡಿಸಬೇಕು. ಬಿಸಿಲಿನಲ್ಲಿ ಒಣಗಿಸಿದರೆ ಎಣ್ಣೆಯು ಆವಿಯಾಗಿ ಹೋಗುವುದು.

3. ಬೀಜಕ್ಕೆಂದು ಒಂದೆರಡು ಪಾತಿಗಳನ್ನು ಕೊಯ್ಯದೆ ಬಿಡಬೇಕು. ದವನದ ಬೀಜಕ್ಕೆ ಮೊಳೆಯುವ ಶಕ್ತಿಯು ಹೆಚ್ಚು ಕಾಲ ಉಳಿಯದಾದುದರಿಂದ ವರ್ಷವರ್ಷವೂ ಹೊಸ ಬೀಜವನ್ನೇ ಉಪಯೋಗಿಸತಕ್ಕದ್ದು.

ಗ್ರಾಮದ ಮುಖಂಡರ ಗಮನಕ್ಕೆ.— ಹಲವರಿಗೆ ಒಂದೇ ಭಟ್ಟಿಯಿರುವ ಕಡೆಗಳಲ್ಲಿ, ಮೊದಲು ಬಂದವರಿಗೆ ಅಥವಾ ದೊಡ್ಡ ಹಿಡುವಳಿದಾರರಿಗೆ ಸರದಿ ಕೊಟ್ಟರೆ ಉಳಿದವರ ಬೆಳೆಯು ಹೊಲದಲ್ಲಿಯೇ ಬಲಿತು ಬೀಜವಾಗುತ್ತದೆ. ಆದಕಾರಣ ಕೊಯ್ಲಿಗೆ ಒಂದು ವಾರ ಮುಂಚಿತವಾಗಿ ಎಲ್ಲರ ಹೊಲಗಳನ್ನೂ ನೋಡಿ, ಯಾರ ದವನಕ್ಕೆ ಮೊದಲು ಹದ ಬರುವುದೋ ಅವರಿಗೆ ಮೊದಲ ಸರದಿಯನ್ನು ಗೊತ್ತುಮಾಡುವುದು ನ್ಯಾಯವು. ಒಟ್ಟಲು ಹಾಕುವಾಗಲೇ ಹತ್ತು ಹತ್ತು ದಿನಗಳ ಅಂತರವಿಟ್ಟುಕೊಂಡರೆ ಭಟ್ಟಿಯ ಇಕ್ಕಟ್ಟು ಬಹುಮಟ್ಟಿಗೆ ತಪ್ಪುವುದು. ಸಣ್ಣ ಹಿಡುವಳಿಯವನಿಗೂ ತನ್ನ ಬೆಳೆಯ ಪೂರ್ಣ ಫಲವು ದೊರೆಯುವುದು.