ದುರ್ಬೀನು ಬದಲಿಸುವ ಮುಂಚೆ

ಅಗ್ಗದ್ದೊಂದು ನೈಟ್ ವಿಷನ್ ದುರ್ಬೀನು ತರಿಸಿದ್ದೀಯಂತೆ, ಸಂತೋಷ ಕಣಪ್ಪ. ಆದರೆ ತರಿಸಿದ ವಾರದೊಳಗೇ ‘ಬೇಲಿ ದಾಟಿದರೆ ಏನೂ ಕಾಣಲ್ಲ, ದೊಡ್ಡದೇ ತಗೋಬೇಕು’ ಅಂತ ಶುರು ಮಾಡಿದ್ದೀಯ ಎಂದು ನಿಮ್ಮಮ್ಮ ಹೇಳಿದಳು. ದೊಡ್ಡದು ಅಂದರೆ ಲಕ್ಷದ ಮಾತು. ಅದಕ್ಕೆ ಕೈಹಾಕುವ ಮುಂಚೆ ನಾನು ಹೇಳುವುದನ್ನು ಸ್ವಲ್ಪ ಕೇಳು. ನಿನ್ನ ದುರ್ಬೀನಿಗೆ ಇರುವ ಕೊರತೆ ಬಹುಪಾಲು ಬೆಳಕಿನದು. ಆ ಬೆಳಕನ್ನು ಸರಿಮಾಡುವ ಕೆಲಸ ಹೆಚ್ಚಿನದೆಲ್ಲ ಮನೆಯಲ್ಲೇ ಆಗುತ್ತದೆ, ಖರ್ಚೂ ಕಡಿಮೆ.

ಸಿನಿಮಾದಲ್ಲಿ ಸೈನಿಕರು ಹೆಲ್ಮೆಟ್ಟಿಗೆ ಸಿಕ್ಕಿಸಿಕೊಂಡಿರುತ್ತಾರಲ್ಲ, ಹಸಿರಾಗಿ ಕಾಣುವುದು, ಆ ಜಾತಿಯೇ ಬೇರೆ. ಅದರೊಳಗೆ ನಿರ್ವಾತ ಕೊಳವೆ ಇರುತ್ತದೆ. ನಕ್ಷತ್ರದ ಮಸುಕು ಬೆಳಕು ಬಿದ್ದಾಗ ಹೊಮ್ಮುವ ಎಲೆಕ್ಟ್ರಾನುಗಳನ್ನು ಅದು ವೇಗಗೊಳಿಸಿ, ಹೆಚ್ಚಿಸಿ, ಫಾಸ್ಫರ್ ಪರದೆಯ ಮೇಲೆ ಚಿತ್ರ ಮೂಡಿಸುತ್ತದೆ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನಿಕರು ಹೊತ್ತು ತಿರುಗಿದ್ದು ಅದರ ಮೊದಲ ತಲೆಮಾರು. ನಿನ್ನದು ಡಿಜಿಟಲ್. ಮೊಬೈಲಿನಲ್ಲಿರುವಂಥದೇ ಸಿಲಿಕಾನ್ ಸೆನ್ಸರ್ ಅದರ ಕಣ್ಣು. ನಮ್ಮ ಕಣ್ಣು ಸುಮಾರು 700 ನ್ಯಾನೋಮೀಟರ್ ಹೊತ್ತಿಗೆ ಕೈಚೆಲ್ಲುತ್ತದೆ, ಸಿಲಿಕಾನ್ 1,100ರ ಹತ್ತಿರದವರೆಗೂ ನೋಡುತ್ತದೆ. ಮಾಮೂಲಿ ಕ್ಯಾಮೆರಾದಲ್ಲಿ ಈ ಅವಗೆಂಪು, ಅಂದರೆ ಇನ್‌ಫ್ರಾರೆಡ್, ಬೆಳಕು ಬಣ್ಣ ಕೆಡಿಸದಿರಲಿ ಎಂದು ಒಂದು ಫಿಲ್ಟರ್ ಗಾಜು ಅಡ್ಡ ಇಟ್ಟಿರುತ್ತಾರೆ. ನಿನ್ನದರಲ್ಲಿ ಆ ಅಡ್ಡಿ ಇಲ್ಲ, ಬದಲಿಗೆ ಲೆನ್ಸಿನ ಪಕ್ಕದಲ್ಲೊಂದು ಇನ್‌ಫ್ರಾರೆಡ್ ಎಲ್‌ಇಡಿ ಇದೆ. ಕಣ್ಣಿಗೆ ಕಾಣದ ಟಾರ್ಚು ಹಿಡಿದ ವಿಡಿಯೋ ಕ್ಯಾಮೆರಾ ಅದು, ಇನ್ನೇನಲ್ಲ. ಟಾರ್ಚು ಬಡವಾದರೆ ಚಿತ್ರವೂ ಬಡವೇ.

ಆದ್ದರಿಂದ ಮೊದಲ ಖರ್ಚು ಟಾರ್ಚಿಗೆ. ದುರ್ಬೀನಿಗೆ ಅಂಟಿಕೊಂಡು ಬಂದ ಎಲ್‌ಇಡಿಯನ್ನು ನಂಬಿ ಕೂರಬೇಡ. ಕಿರಣವನ್ನು ಅಗಲಿಸಿ ಕಿರಿದುಮಾಡಲು ಬರುವ ಬೇರೊಂದು ಇನ್‌ಫ್ರಾರೆಡ್ ಟಾರ್ಚು ಕೊಂಡುಕೋ. ದೂರದ ಮರದ ಮೇಲೆ ಬೀಳುವ ಬೆಳಕಿನ ವೃತ್ತದ ಅಡ್ಡಳತೆ ಅರ್ಧಕ್ಕಿಳಿದರೆ, ಅದೇ ಬೆಳಕು ನಾಲ್ಕನೇ ಒಂದು ಭಾಗ ಜಾಗದಲ್ಲಿ ಕೂಡಿಕೊಂಡು ಹೆಚ್ಚುಕಡಿಮೆ ನಾಲ್ಕು ಪಟ್ಟು ಪ್ರಖರವಾಗುತ್ತದೆ. ಇಷ್ಟು ಲಾಭ ದುಬಾರಿ ಸೆನ್ಸರ್‌ನಿಂದಲೂ ಸುಲಭಕ್ಕೆ ಬರುವುದಿಲ್ಲ. ಕೊಳ್ಳುವಾಗ 850 ನ್ಯಾನೋಮೀಟರಿನದನ್ನೇ ಕೇಳು. 940ರದು ಹೊತ್ತಿಸಿದರೂ ಕಣ್ಣಿಗೆ ಏನೂ ಕಾಣುವುದಿಲ್ಲ ಎಂದು ಅಂಗಡಿಯವರು ಹೊಗಳುತ್ತಾರೆ. ಅದು ನಿಜ. ಆದರೆ ಅಲ್ಲಿ ಸಿಲಿಕಾನಿನ ದೃಷ್ಟಿಯೂ ಬಹಳ ಮಂಕು, ಹಾಗಾಗಿ ದೂರ ಎಟುಕುವುದಿಲ್ಲ. 850ರಲ್ಲಿ ಟಾರ್ಚಿನ ಮುಖ ಕೆಂಡದಂತೆ ಮಂಕಾಗಿ ಕೆಂಪಗೆ ಕಾಣುತ್ತದೆ, ನಿನ್ನ ಕೆಲಸಕ್ಕೆ ಅದೇನೂ ತೊಂದರೆಯಲ್ಲ. ತಂದ ಟಾರ್ಚು ಉರಿಯುತ್ತಿದೆಯೋ ಇಲ್ಲವೋ ಎಂಬ ಅನುಮಾನ ಬಂದರೆ ಮೊಬೈಲಿನ ಮುಂಗಡೆ ಕ್ಯಾಮೆರಾಕ್ಕೆ ತೋರಿಸು. ಬಹಳಷ್ಟು ಮೊಬೈಲುಗಳಲ್ಲಿ ಟೀವಿ ರಿಮೋಟಿನ ಬೆಳಕು ಕಾಣುವ ಹಾಗೆಯೇ ಇದೂ ಕಾಣುತ್ತದೆ.

ಇನ್ನು ಆ ಟಾರ್ಚನ್ನು ಎಲ್ಲಿ ಕಟ್ಟುತ್ತೀಯ ಎನ್ನುವುದೇ ಮುಖ್ಯ. ಎಲ್ಲರೂ ಮಾಡುವಂತೆ ಲೆನ್ಸಿಗೆ ಒತ್ತಿಕೊಂಡ ಹಾಗೆ ರಬ್ಬರ್ ಬ್ಯಾಂಡ್ ಸುತ್ತಿದರೆ ಒಣ ರಾತ್ರಿಯಲ್ಲಿ ನಡೆಯುತ್ತದೆ. ಮಾಗಿಯ ಮಂಜು, ಜಿಟಿಜಿಟಿ ಮಳೆ, ಕಣದ ಧೂಳು ಇದ್ದರೆ ಎದುರಿಗೆ ಬಿಳಿ ಗೋಡೆ ಎದ್ದು ನಿಲ್ಲುತ್ತದೆ. ಲೆನ್ಸಿನ ಮುಂದಿನ ಹನಿ, ಧೂಳು, ಹುಳ ಎಲ್ಲವೂ ಹತ್ತಿರದಿಂದಲೇ ಬೆಳಗಿ ಸೆನ್ಸರಿಗೆ ರಾಚುವುದು ಅದಕ್ಕೆ ಕಾರಣ. ಟಾರ್ಚನ್ನು ಒಂದು ಮೊಳವಾದರೂ ಪಕ್ಕಕ್ಕೆ ಸರಿಸು. ಬಿದಿರು ದಬ್ಬೆಯ ಒಂದು ತುದಿಗೆ ದುರ್ಬೀನು, ಇನ್ನೊಂದು ತುದಿಗೆ ಟಾರ್ಚು ಕಟ್ಟಿದರೆ ಸಾಕು. ಅರ್ಧ ಮಂಜು ಕರಗಿದಂತಾಗುತ್ತದೆ.

ಆದರೆ ಇದರಲ್ಲಿ ಒಂದು ಸೂಕ್ಷ್ಮ ಇದೆ. ನೀನು ಹುಡುಕುತ್ತಿರುವುದು ಕಾಡುಪಾಪವನ್ನು ತಾನೆ? ನಿಮ್ಮ ತುಮಕೂರು ಸೀಮೆಯ, ಅದರಲ್ಲೂ ನಾಗವಲ್ಲಿ ಸುತ್ತಿನ ಬೇಲಿಸಾಲು, ಹುಣಸೆ ಮರಗಳು ಕಾಡುಪಾಪಕ್ಕೆ ಹೆಸರಾದವು. ಅದರ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಹಿಂದಕ್ಕೆ ಮರಳಿಸುವ ಪೊರೆ ಇದೆ. ಹಸು, ಬೆಕ್ಕು, ಪುನುಗಿನ ಬೆಕ್ಕಿಗೂ ಇದೆ. ಆ ಪೊರೆ ಬೆಳಕನ್ನು ಬಂದ ದಾರಿಯಲ್ಲೇ ವಾಪಸು ಕಳಿಸುವುದರಿಂದ, ಟಾರ್ಚು ಲೆನ್ಸಿಗೆ ಒತ್ತಿಕೊಂಡಿದ್ದಾಗ ಮಾತ್ರ ಕಣ್ಣು ಝಗ್ಗನೆ ಹೊಳೆಯುತ್ತದೆ. ಪಕ್ಕಕ್ಕೆ ಸರಿಸಿದೆಯೋ, ಹೊಳಪು ಆರಿಹೋಗುತ್ತದೆ. ಹುಡುಕುವಾಗ ಹತ್ತಿರ, ಸಿಕ್ಕಮೇಲೆ ದೂರ, ಹೀಗೆ ಮಾಡು. ಕೊಂಬೆಗಳ ನಡುವೆ ಜೋಡಿ ಚುಕ್ಕಿ ಕಂಡ ತಕ್ಷಣ ದುರ್ಬೀನನ್ನು ಅಲ್ಲೇ ನಿಲ್ಲಿಸಿ, ಟಾರ್ಚನ್ನು ಬಿಚ್ಚಿ ಕೈಚಾಚಿ ಪಕ್ಕಕ್ಕೆ ಹಿಡಿ. ಕಣ್ಣಿನ ರಾಚು ಇಳಿದು ಅದರ ಸಣಕಲು ಕೈಕಾಲು, ಕೊಂಬೆ ಹಿಡಿದ ಬೆರಳು, ಬಾಲವಿಲ್ಲದ ಬೆನ್ನು ಕಾಣತೊಡಗುತ್ತವೆ. ಅದರ ನಡೆ ಎಷ್ಟು ನಿಧಾನ ಅಂದರೆ ನೀನು ಅವಸರಪಡುವ ಅಗತ್ಯವೇ ಇಲ್ಲ.

ಕಿರಣದ ನಡುವೆ ಬಿಳಿ ಮಚ್ಚೆ, ಸುತ್ತ ಕತ್ತಲು ಕಾಣುತ್ತಿದೆ ಅನ್ನು, ಟಾರ್ಚಿನ ಬಾಯಿಗೆ ಒಂದು ಚೂರು ಟ್ರೇಸಿಂಗ್ ಪೇಪರ್ ಅಂಟಿಸು, ಬೆಳಕು ಹದವಾಗಿ ಹರಡುತ್ತದೆ. ಹತ್ತಿರದ ನೋಟಕ್ಕೆ ಮಾತ್ರ ಇದು, ದೂರಕ್ಕೆ ಕಿತ್ತುಹಾಕು. ಲೆನ್ಸಿಗೆ ಕಪ್ಪು ಚಾರ್ಟ್ ಪೇಪರಿನ ಕೊಳವೆ ಸುತ್ತಿಬಿಡು. ಅಕ್ಕಪಕ್ಕದ ಬೀದಿದೀಪ ಒಳನುಗ್ಗಿ ಚಿತ್ರ ಬಿಳಿಚಿಕೊಳ್ಳುವುದು ತಪ್ಪುತ್ತದೆ. ಕಿಟಕಿ ಗಾಜಿನ ಒಳಗಿಂದ ನೋಡುವುದಾದರೆ ಟಾರ್ಚು ಹೊರಗೇ ಇರಬೇಕು, ಇಲ್ಲದಿದ್ದರೆ ಗಾಜಿನ ಮೇಲಿನ ಪ್ರತಿಬಿಂಬವೇ ಕಾಣುತ್ತದೆ.

ಇನ್ನೊಂದು ಉಪಾಯ ಹೇಳುತ್ತೇನೆ, ಇದಕ್ಕೆ ಕಾಸೂ ಬೇಡ. ಕತ್ತಲಲ್ಲಿ ಸೆನ್ಸರ್ ಒಂದೊಂದು ಚಿತ್ರಕ್ಕೂ ಹೆಚ್ಚು ಹೊತ್ತು ಬೆಳಕು ಕೂಡಿಸಿಕೊಳ್ಳುತ್ತದೆ. ಅಷ್ಟರಲ್ಲಿ ಕೈ ಅಲುಗಿದರೆ ಎಲ್ಲ ಕಲಸಿಹೋಗುತ್ತದೆ. ನೀನು ‘ಕ್ಲಾರಿಟಿ ಇಲ್ಲ’ ಎನ್ನುವುದರಲ್ಲಿ ಬಹುಪಾಲು ಕೈನಡುಕವೇ ಇದ್ದೀತು. ಹಳೇ ಪ್ಯಾಂಟಿನ ಕಾಲು ಕತ್ತರಿಸಿ ಚೀಲ ಹೊಲಿಸಿ, ಮುಕ್ಕಾಲು ಪಾಲು ರಾಗಿ ತುಂಬಿಸು. ಗೋಡೆಯ ಮೇಲೋ ಗಾಡಿಯ ಮೂಕಿಯ ಮೇಲೋ ಅದನ್ನಿಟ್ಟು ದುರ್ಬೀನು ಒತ್ತಿ ಕೂರಿಸು. ರಾಗಿ ಸಣ್ಣ ಕಾಳು, ದುರ್ಬೀನಿನ ಆಕಾರಕ್ಕೆ ತಕ್ಕಂತೆ ಕುಳಿಬಿದ್ದು ಹಿಡಿದುಕೊಳ್ಳುತ್ತದೆ. ಟ್ರೈಪಾಡ್ ಆಮೇಲೆ ತಗೊಂಡರಾಯಿತು.

ದುರ್ಬೀನಿನೊಳಗಿನ ಪರದೆಯೂ ಒಂದು ದೀಪವೇ ಎಂಬುದು ನೆನಪಿರಲಿ. ನಮ್ಮ ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು, ಆ ಹೊಂದಿಕೆಯನ್ನು ಒಂದು ಇಣುಕು ಹಾಳುಮಾಡುತ್ತದೆ. ಪರದೆಯ ಹೊಳಪನ್ನು ಕನಿಷ್ಠಕ್ಕಿಳಿಸು. ಅಷ್ಟಾದರೂ ಹೆಚ್ಚೆನಿಸಿದರೆ ಕಾರಿನ ಗಾಜಿಗೆ ಹಾಕುವ ಸನ್ ಫಿಲ್ಮಿನ ಉಳಿಕೆ ಚೂರೊಂದನ್ನು ಕಣ್ಣಿಡುವ ಕಡೆ ಅಂಟಿಸು. ಸೈಕಲ್ ಟ್ಯೂಬಿನ ತುಂಡನ್ನು ಅಲ್ಲಿಗೇ ಬಿಗಿದರೆ ಬೆಳಕು ನಿನ್ನ ಕೆನ್ನೆಗೆ ಸೋರುವುದಿಲ್ಲ. ಯಾವಾಗಲೂ ಒಂದೇ ಕಣ್ಣಿನಿಂದ ನೋಡು, ಇನ್ನೊಂದನ್ನು ಕತ್ತಲಿಗೇ ಬಿಟ್ಟಿರು.

ಹಳೆಯ ಉಪಾಯವೊಂದನ್ನು ಯಾರಾದರೂ ನಿನಗೆ ಹೇಳಿಯೇ ಹೇಳುತ್ತಾರೆ: ಬೆಳಕು ತಾಗಿ ಡೆವಲಪ್ ಆದ ಕಲರ್ ನೆಗೆಟಿವ್ ರೀಲಿನ ಕಪ್ಪು ತುದಿಯನ್ನು ಎರಡು ಪದರ ಮಾಡಿ ಟಾರ್ಚಿಗೆ ಕಟ್ಟಿದರೆ ಇನ್‌ಫ್ರಾರೆಡ್ ಟಾರ್ಚು ತಯಾರು ಅಂತ. ಆ ಫಿಲಮ್ಮು ಕಾಣುವ ಬೆಳಕನ್ನು ತಡೆದು ಅವಗೆಂಪನ್ನು ಬಿಡುವುದು ನಿಜ. ಆದರೆ ಅದು ತಂತಿ ಬಲ್ಬಿನ ಟಾರ್ಚಿಗಷ್ಟೇ ಸಲ್ಲುವ ಮಾತು. ಈಗಿನ ಬಿಳಿ ಎಲ್‌ಇಡಿಯಲ್ಲಿ ಅವಗೆಂಪು ಇಲ್ಲವೇ ಇಲ್ಲ ಅನ್ನಬಹುದು, ಫಿಲಮ್ಮು ಕಟ್ಟಿದರೆ ಬರೀ ಕತ್ತಲು. ಅಟ್ಟದಲ್ಲಿ ತಾತನ ಹಳೇ ಟಾರ್ಚು ಇದ್ದರೆ ಮಾಡಿ ನೋಡು, ಫಿಲಮ್ಮು ಬಲ್ಬಿನ ಬಿಸಿಗೆ ಸುಡದಂತೆ ಗಾಜಿನಾಚೆಗೆ ಇಡು. ಹಳೇ ವೆಬ್‌ಕ್ಯಾಮಿನ ಫಿಲ್ಟರ್ ಗಾಜು ಕಿತ್ತು ಎರಡನೇ ಕ್ಯಾಮೆರಾ ಮಾಡುವುದೂ ಒಳ್ಳೆಯ ರಜಾ ಕೆಲಸ. ಗಾಜು ತೆಗೆದಮೇಲೆ ಫೋಕಸ್ ಜರುಗುತ್ತದೆ, ಲೆನ್ಸನ್ನು ತಿರುಗಿಸಿ ಮತ್ತೆ ಹೊಂದಿಸಿಕೊಳ್ಳಬೇಕು.

ಬಿಚ್ಚಬಾರದ್ದೂ ಇದೆ. ಸೈನಿಕರ ಆ ನಿರ್ವಾತ ಕೊಳವೆಯ ಸಾಧನ ಸೆಕೆಂಡ್ ಹ್ಯಾಂಡಿನಲ್ಲಿ ಸಿಕ್ಕಿದರೆ ಸ್ಕ್ರೂಡ್ರೈವರ್ ಹಾಕಬೇಡ. ಒಳಗೆ ಸಾವಿರಾರು ವೋಲ್ಟು ಇರುತ್ತದೆ, ಆಫ್ ಮಾಡಿದಮೇಲೂ ಸ್ವಲ್ಪ ಹೊತ್ತು ಉಳಿದಿರುತ್ತದೆ. ಹಗಲಲ್ಲಿ ಮುಚ್ಚಳ ತೆಗೆದು ಆನ್ ಮಾಡಿದರೆ ಕೊಳವೆ ಸುಟ್ಟೇಹೋದೀತು. ಇನ್‌ಫ್ರಾರೆಡ್ ಟಾರ್ಚನ್ನು ಯಾರ ಮುಖಕ್ಕೂ ಹತ್ತಿರದಿಂದ ಹಿಡಿಯಬೇಡ. ಬೆಳಕು ಕಾಣದ್ದರಿಂದ ರೆಪ್ಪೆ ಮುಚ್ಚುವುದಿಲ್ಲ, ಪಾಪೆ ಕುಗ್ಗುವುದಿಲ್ಲ, ಪೆಟ್ಟು ಮಾತ್ರ ನೇರ ಒಳಗೆ. ಮಕ್ಕಳಿರುವ ಮನೆ, ಇದು ನಿನ್ನ ಗಮನದಲ್ಲಿರಲಿ. ಟಾರ್ಚಿನ ಲಿಥಿಯಂ ಸೆಲ್ಲನ್ನು ರಾತ್ರಿಯಿಡೀ ಚಾರ್ಜಿಗೆ ಹಾಕಿ ಮಲಗಬೇಡ. ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹತ್ತದಂತೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡು.

ಕಾಡುಪಾಪ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯ ಪ್ರಾಣಿ. ನಿನ್ನ ಹೊಲದ ಬೇಲಿಯಿಂದ ನೋಡು, ಮುಟ್ಟಬೇಡ, ಮರ ಅಲುಗಿಸಬೇಡ, ಸಿಕ್ಕ ಜಾಗವನ್ನು ಊರಿಗೆಲ್ಲ ಹೇಳಬೇಡ. ಹಿಡಿದು ಮಾಟಮಂತ್ರಕ್ಕೆ ಬಲಿಕೊಡುವವರು ಇನ್ನೂ ಇದ್ದಾರೆ. ಮಾಮೂಲಿ ಬಿಳಿ ಟಾರ್ಚನ್ನು ಅದರ ಮುಖಕ್ಕೆ ಹಾಯಿಸಲೇಬೇಡ. ಅದರ ಅಧ್ಯಯನಕ್ಕೆ ಹೋಗುವವರೂ ಹೆಡ್‌ಲ್ಯಾಂಪಿಗೆ ಕೆಂಪು ಫಿಲ್ಟರ್ ಹಾಕಿಕೊಳ್ಳುತ್ತಾರೆ.

ದುರ್ಬೀನು ಕಣ್ಣಿಗಿಟ್ಟುಕೊಂಡು ನಡೆಯುವ ಅಭ್ಯಾಸ ಮಾತ್ರ ಬೇಡ. ಒಂದೇ ಲೆನ್ಸಿನಲ್ಲಿ ಆಳ ತಿಳಿಯುವುದಿಲ್ಲ, ಕಾಲಬುಡ ಕಾಣುವುದೇ ಇಲ್ಲ, ನಿಮ್ಮ ಬದುವಿನಲ್ಲಿ ಕೊಳಕುಮಂಡಲ ಇರುತ್ತದೆ. ಬೂಟು ಹಾಕಿಕೊಂಡು, ಸಾದಾ ಟಾರ್ಚನ್ನು ನೆಲಕ್ಕೆ ಹಿಡಿದು ಕೂರುವ ಜಾಗ ತಲುಪು. ಕೂತು, ರಾಗಿಚೀಲ ಇಟ್ಟು, ಆ ಟಾರ್ಚು ಆರಿಸಿದಮೇಲೆ ದುರ್ಬೀನಿನ ಗುಂಡಿ ಒತ್ತು.