ಕಲ್ಲಿನ ಮುಂದೆ ಸ್ವಾಧ್ಯಾಯ
(ಸುಲ್ತಾನ್ ಬತ್ತೇರಿಯ ಬಸದಿ ಮತ್ತು ಅಂಬಲವಯಲಿನ ವಸ್ತುಸಂಗ್ರಹಾಲಯವನ್ನು ನೋಡುವ ಕ್ರಮ)

ವಾರ್ಷಿಕೋತ್ಸವದ ನಿಮಿತ್ತ ದೂರದ ಊರುಗಳಿಂದ ವಯನಾಡಿಗೆ ಆಗಮಿಸುವ ಧರ್ಮಬಂಧುಗಳಲ್ಲಿ ಹಲವರು, ಪೂಜೆ ಅಭಿಷೇಕಗಳು ಮುಗಿದ ಮರುದಿನ ಇಲ್ಲಿಯ ಪ್ರಾಚೀನ ಸ್ಥಳಗಳನ್ನು ನೋಡಿಕೊಂಡು ಹೋಗುವುದುಂಟು. ಮುತ್ತಂಗ, ಗುಂಡ್ಲುಪೇಟೆಗಳ ದಾರಿಯಾಗಿ ಮೈಸೂರಿನ ಕಡೆಗೆ ಹೊರಟವರಿಗೆ ಸುಲ್ತಾನ್ ಬತ್ತೇರಿಯ ಪೇಟೆಯಲ್ಲಿಯೇ ಕಣಶಿಲೆಯ ಪುರಾತನ ಬಸದಿಯೊಂದು ಎದುರಾಗುತ್ತದೆ. ಒಳಹೊಕ್ಕ ಮಕ್ಕಳು ಕೇಳುವ ಮೊದಲ ಪ್ರಶ್ನೆ, "ದೇವರು ಎಲ್ಲಿ?" ಎಂಬುದು. ಗರ್ಭಗೃಹ ಬರಿದಾಗಿದೆ. ಹಿರಿಯರು "ಇದು ಟಿಪ್ಪುವಿನ ಕಾಲದ ಕಟ್ಟಡ" ಎಂದೋ, "ಎಲ್ಲವೂ ಹಾಳಾಗಿದೆ" ಎಂದೋ ಹೇಳಿ ಹತ್ತು ನಿಮಿಷಗಳಲ್ಲಿ ಹೊರಬರುತ್ತಾರೆ. ಮಗುವಿನ ಪ್ರಶ್ನೆ ಅಲ್ಲಿಯೇ ಉಳಿಯುತ್ತದೆ.

ಆ ಪ್ರಶ್ನೆಗೆ ಉತ್ತರ ಹುಡುಕುವ ಕ್ರಮವನ್ನು ನಮ್ಮ ಶಾಸ್ತ್ರವೇ ಕಲಿಸಿಕೊಟ್ಟಿದೆ. ಅದನ್ನು ಈ ಸ್ಥಳಗಳಿಗೆ ಅನ್ವಯಿಸಿಕೊಳ್ಳುವುದು ಹೇಗೆಂದು ತಿಳಿಸುವುದೇ ಈ ಪಾಠದ ಉದ್ದೇಶ.

ಜ್ಞಾನದ ನಾಲ್ಕು ಮೆಟ್ಟಿಲುಗಳು

ಇಂದ್ರಿಯ ಮತ್ತು ಮನಸ್ಸುಗಳ ಮೂಲಕ ಉಂಟಾಗುವ ಅರಿವು ಮತಿಜ್ಞಾನ. ಮಾತು ಮತ್ತು ಶಾಸ್ತ್ರಗಳ ಮೂಲಕ ಬರುವುದು ಶ್ರುತಜ್ಞಾನ. ಶ್ರುತಕ್ಕೆ ಮತಿಯೇ ಪೂರ್ವಭಾವಿ ಎಂದು ತತ್ತ್ವಾರ್ಥಸೂತ್ರ ತಿಳಿಸುತ್ತದೆ. ಮತಿಜ್ಞಾನಕ್ಕೆ ಅವಗ್ರಹ, ಈಹಾ, ಅವಾಯ, ಧಾರಣಾ ಎಂಬ ನಾಲ್ಕು ಭೇದಗಳು. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೆ ಸುಲಭವಾದ ದೃಷ್ಟಾಂತವನ್ನು ಕೊಟ್ಟಿದ್ದಾರೆ. ದೂರದಲ್ಲಿ ಬಿಳಿಯ ಬಣ್ಣದ ಏನೋ ಕಂಡಿತು: ಅದು ಅವಗ್ರಹ. ಅದು ಬೆಳ್ಳಕ್ಕಿಯೋ ಪತಾಕೆಯೋ ಎಂದು ವಿಶೇಷವನ್ನು ಅರಿಯಬಯಸಿದರೆ ಅದು ಈಹಾ. ಮೇಲೇರಿ ಕೆಳಗಿಳಿದು ರೆಕ್ಕೆ ಬಡಿಯುವುದನ್ನು ಕಂಡು ಬೆಳ್ಳಕ್ಕಿಯೆಂದೇ ನಿಶ್ಚಯಿಸಿದರೆ ಅವಾಯ. ಕಾಲಾಂತರದಲ್ಲಿಯೂ ಅದನ್ನು ಮರೆಯದಿರುವುದು ಧಾರಣಾ.

ಪ್ರಾಚೀನ ಸ್ಥಳಗಳಲ್ಲಿ ನಾವು ಮಾಡುವ ತಪ್ಪೆಂದರೆ ಮೊದಲೆರಡು ಮೆಟ್ಟಿಲುಗಳನ್ನು ದಾಟಿ ಒಮ್ಮೆಲೇ ನಿಶ್ಚಯಕ್ಕೆ ಬರುವುದು. ಯಾರೋ ಹೇಳಿದ್ದನ್ನು ಕೇಳುತ್ತೇವೆ, ಕಲ್ಲನ್ನು ನೋಡುವುದಿಲ್ಲ.

ಅವಗ್ರಹ: ಮೊದಲು ನೋಡುವುದು

ಬತ್ತೇರಿಗೆ ಹೋಗುವ ಮೊದಲು ಮಕ್ಕಳನ್ನು ಪೂಜೆ ನಡೆಯುತ್ತಿರುವ ಒಂದು ಬಸದಿಗೆ ಕರೆದೊಯ್ಯುವುದು ಉತ್ತಮ. ಕಲ್ಪೆಟ್ಟದ ಸಮೀಪದ ಪುಳಿಯಾರ್‌ಮಲೆಯ ಶ್ರೀ ಅನಂತನಾಥ ಸ್ವಾಮಿ ಬಸದಿ ಅದಕ್ಕೆ ಅನುಕೂಲವಾಗಿದೆ. ಶ್ರಾವಕರು ಎಲ್ಲಿ ನಿಂತು ನಮಸ್ಕರಿಸುತ್ತಾರೆ, ಅರ್ಚಕರು ಎಲ್ಲಿಯವರೆಗೆ ಹೋಗುತ್ತಾರೆ, ದೀಪ ಎಲ್ಲಿ ಉರಿಯುತ್ತದೆ ಎಂಬುದನ್ನು ಮಗು ಕಣ್ಣಾರೆ ಕಾಣಲಿ.

ಅನಂತರ ಬತ್ತೇರಿಯ ಬಸದಿಯೊಳಗೆ ಸ್ವಲ್ಪ ಹೊತ್ತು ಮಾತಿಲ್ಲದೆ ನಡೆಯಿರಿ. ಒಂದರ ಹಿಂದೊಂದು ಬರುವ ಮಂಟಪಗಳು, ಚೌಕ ಕಂಬಗಳು, ಒಳಹೋದಂತೆ ಕುಗ್ಗುವ ಬೆಳಕು, ಕೊನೆಯಲ್ಲಿ ಗರ್ಭಗೃಹ. ಮುಂಜಾನೆ ಪುಳಿಯಾರ್‌ಮಲೆಯಲ್ಲಿ ಕಂಡ ಕ್ರಮವೇ ಇಲ್ಲಿಯೂ ಇದೆಯೆಂದು ಮಗು ತಾನೇ ಗುರುತಿಸುತ್ತದೆ. ಬರಿದಾದ ಕೋಣೆ ಆಗ ಅದಕ್ಕೆ ಬರಿಯ ಕತ್ತಲಾಗಿ ತೋರುವುದಿಲ್ಲ, ಬಿಂಬವಿದ್ದ ಸ್ಥಳವಾಗಿ ತೋರುತ್ತದೆ.

ಈಹಾ: ಪ್ರಶ್ನಿಸುವುದು

ಇದು ಯಾರ ಆಲಯ? ಬಾಗಿಲವಾಡದ ಮೇಲ್ಭಾಗದ ನಡುವೆ, ಲಲಾಟಬಿಂಬದ ಸ್ಥಾನದಲ್ಲಿ ನೋಡಬೇಕು. ಪದ್ಮಾಸನ, ಮಡಿಲಲ್ಲಿ ಒಂದರ ಮೇಲೊಂದಿರಿಸಿದ ಕೈಗಳು, ಆಯುಧವಿಲ್ಲ, ಆಭರಣವಿಲ್ಲ. ಈ ಲಕ್ಷಣಗಳಿಂದ ಅದು ಜಿನಬಿಂಬವೆಂದು ತಿಳಿಯುತ್ತದೆ. ಯಾವ ತೀರ್ಥಂಕರರು ಎಂಬುದಕ್ಕೆ ಮಾತ್ರ ಲಾಂಛನ ಬೇಕು. ವೃಷಭವಿದ್ದರೆ ಆದಿನಾಥರು, ಅರ್ಧಚಂದ್ರವಿದ್ದರೆ ಚಂದ್ರಪ್ರಭರು, ಜಿಂಕೆಯಿದ್ದರೆ ಶಾಂತಿನಾಥರು, ಸಿಂಹವಿದ್ದರೆ ಮಹಾವೀರರು. ಲಾಂಛನ ಕಾಣದಿದ್ದಲ್ಲಿ ಹೆಸರು ಹೇಳಬಾರದು. ಕಂಬದಲ್ಲಿ ಹಾವಿನ ಕೆತ್ತನೆ ಕಂಡ ಮಾತ್ರಕ್ಕೆ ಪಾರ್ಶ್ವನಾಥರೆನ್ನುವಂತಿಲ್ಲ. ಅವರ ಬಿಂಬದಲ್ಲಿ ಸರ್ಪದ ಹೆಡೆಗಳು ಶಿರಸ್ಸಿನ ಮೇಲೆ ಛತ್ರದಂತೆ ಹರಡಿರುತ್ತವೆ.

ಬತ್ತೇರಿಯಿಂದ ಸುಮಾರು 12 ಕಿಲೋಮೀಟರು ದೂರದ ಅಂಬಲವಯಲಿನಲ್ಲಿ ವಯನಾಡು ಪಾರಂಪರಿಕ ವಸ್ತುಸಂಗ್ರಹಾಲಯವಿದೆ. ವೀರಸ್ಮೃತಿ, ಗೋತ್ರಸ್ಮೃತಿ, ದೇವಸ್ಮೃತಿ, ಜೀವನಸ್ಮೃತಿ ಎಂಬ ವಿಭಾಗಗಳಲ್ಲಿ ಜಿಲ್ಲೆಯ ಪ್ರಾಚೀನ ವಸ್ತುಗಳನ್ನು ಇರಿಸಲಾಗಿದೆ. ವೀರಸ್ಮೃತಿಯಲ್ಲಿರುವ ವೀರಗಲ್ಲುಗಳನ್ನು ಕನ್ನಡ ನಾಡಿನಿಂದ ಬಂದವರು ಕೂಡಲೇ ಗುರುತಿಸುತ್ತಾರೆ. ಅವುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವ ದೃಶ್ಯ, ಮೇಲೆ ದೇವಸನ್ನಿಧಿ. ಇದೇ ಸಂದರ್ಭದಲ್ಲಿ ನಮ್ಮ ನಿಷಧಿಗಲ್ಲುಗಳ ವಿಚಾರವನ್ನೂ ಮಕ್ಕಳಿಗೆ ತಿಳಿಸಬಹುದು. ಅಲ್ಲಿ ಕಾಳಗವಿಲ್ಲ. ಸಲ್ಲೇಖನದಿಂದ ದೇಹವನ್ನು ತ್ಯಜಿಸಿದವರ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ವೀರಗಲ್ಲು ಪರರೊಡನೆ ಹೋರಾಡಿದವನದು, ನಿಷಧಿಗಲ್ಲು ತನ್ನ ಕಷಾಯಗಳೊಡನೆ ಹೋರಾಡಿದವರದು.

ಗೋತ್ರಸ್ಮೃತಿಯಲ್ಲಿ ಆದಿವಾಸಿ ಜನರ ಉಪಕರಣಗಳಿವೆ. ಹತ್ತಿರದ ಎಡಕಲ್ಲಿನ ಬಂಡೆಗಳ ಮೇಲೆ ನವಶಿಲಾಯುಗದವೆಂದು ಹೇಳಲಾಗುವ ರೇಖಾಚಿತ್ರಗಳಿವೆ. 1890ರ ದಶಕದಲ್ಲಿ ಮಲಬಾರಿನ ಪೊಲೀಸ್ ಅಧಿಕಾರಿ ಫಾಸೆಟ್ ಅವುಗಳನ್ನು ಹೊರಜಗತ್ತಿಗೆ ಪರಿಚಯಿಸಿದರು. ಎರಡು ಬಂಡೆಗಳ ಎಡೆಯಲ್ಲಿ ಸಿಕ್ಕಿಕೊಂಡ ಕಲ್ಲಿನಿಂದ ಆ ಹೆಸರು. ಮಲಯಾಳದ 'ಇಡ', ಕನ್ನಡದ 'ಎಡೆ' ಎರಡಕ್ಕೂ ಇಲ್ಲಿ ಅರ್ಥ ಒಂದೇ. ಬಸದಿಗಳು ಏಳುವ ಎಷ್ಟೋ ಕಾಲ ಮೊದಲೇ ಇಲ್ಲಿ ಮನುಷ್ಯರಿದ್ದರು ಎಂಬ ವಿನಯ ಇಲ್ಲಿ ನಮಗೆ ಬರಬೇಕು.

ಅವಾಯ: ನಿಶ್ಚಯಿಸುವುದು

ಬತ್ತೇರಿಯ ಬಸದಿ 13–14ನೆಯ ಶತಮಾನದ್ದೆಂದು ವಿದ್ವಾಂಸರ ಅಭಿಪ್ರಾಯ. ವಿಜಯನಗರ ಶೈಲಿಯ ಲಕ್ಷಣಗಳನ್ನು ಅದರಲ್ಲಿ ಗುರುತಿಸುತ್ತಾರೆ. 18ನೆಯ ಶತಮಾನದಲ್ಲಿ ಟಿಪ್ಪು ಸುಲ್ತಾನನ ಸೈನ್ಯ ಅದನ್ನು ಮದ್ದುಗುಂಡುಗಳ ಉಗ್ರಾಣವಾಗಿ ಬಳಸಿತು. ಊರಿಗೆ 'ಸುಲ್ತಾನನ ಬ್ಯಾಟರಿ' ಎಂಬ ಹೆಸರು ಹಾಗೆ ಬಂದಿತು. ಇಂದು ಅದು ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ರಕ್ಷಣೆಯಲ್ಲಿದೆ. ಬಸದಿ ಎಂಬುದು ಸತ್ಯ, ಉಗ್ರಾಣವಾಗಿತ್ತು ಎಂಬುದೂ ಸತ್ಯ. ಕೇವಲ ಉಗ್ರಾಣವೆಂದರೆ ಅದು ಏಕಾಂತ. ಉಗ್ರಾಣವಾದ ಸಂಗತಿಯನ್ನು ಮರೆಮಾಚಿದರೂ ಏಕಾಂತವೇ. ಊರಿನ ಹೆಸರುಗಳೂ ಇದೇ ಪಾಠವನ್ನು ಹೇಳುತ್ತವೆ. ಇದು ಗಣಪತಿವಟ್ಟವೂ ಆಗಿತ್ತು. ಜೈನರ ಕಾಲದಲ್ಲಿ 'ಹನ್ನೆರಡು ಬೀದಿ' ಎಂಬ ಅಚ್ಚಗನ್ನಡದ ಹೆಸರಿತ್ತೆಂದು ಹೇಳುತ್ತಾರೆ.

ಅವಸರದ ನಿಶ್ಚಯಕ್ಕೆ ಪನಮರದ ಬಳಿಯ ಪುಂಚವಯಲಿನ ಜನಾರ್ದನಗುಡಿ, ವಿಷ್ಣುಗುಡಿಗಳು ಒಳ್ಳೆಯ ಪರೀಕ್ಷೆ. ಇವು ಜೈನ ದೇವಾಲಯಗಳೆಂದು ಹೇಳುವವರುಂಟು. ಆದರೆ ಹೆಸರುಗಳು ವೈಷ್ಣವವಾಗಿವೆ, ಕಂಬಗಳಲ್ಲಿ ವಿಷ್ಣುವಿನ ಅವತಾರಗಳಿವೆ. ನಮ್ಮದಾಗಿರಲಿ ಎಂಬ ಆಸೆ ಪ್ರಮಾಣವಾಗುವುದಿಲ್ಲ. ಕಲ್ಲು ಏನು ಹೇಳುತ್ತದೆಯೋ ಅಷ್ಟನ್ನೇ ಹೇಳುವುದು ಸತ್ಯವ್ರತಕ್ಕೆ ಸೇರಿದ್ದು.

ಧಾರಣಾ: ಉಳಿಸಿಕೊಳ್ಳುವುದು

ಧಾರಣೆಯಿಲ್ಲದಿದ್ದರೆ ಮೊದಲಿನ ಮೂರೂ ವ್ಯರ್ಥ. ಕನ್ನಡ ನಾಡಿನಿಂದ ಬಂದು ವಯನಾಡಿನಲ್ಲಿ ನೆಲೆಸಿದ ಜೈನ ಕುಟುಂಬಗಳ ಮಕ್ಕಳು ಇಂದು ಮಲಯಾಳ ಮತ್ತು ಇಂಗ್ಲಿಷಿನಲ್ಲಿ ಓದುತ್ತಾರೆ. ಕನ್ನಡ ಕಿವಿಗೆ ಪರಿಚಿತವಾದರೂ ಅಕ್ಷರ ಹಲವರಿಗೆ ಅಪರಿಚಿತ. 'ಬೀದಿ', 'ಗುಡಿ', 'ಬಸದಿ' ಎಂಬ ಮಾತುಗಳ ಅರ್ಥವನ್ನು ಅಜ್ಜಿಯರು ಹೇಳಬಲ್ಲರು. ಅವರ ಬಳಿಕ ಹೇಳುವವರು ಯಾರು? 'ವಸತಿ' ಎಂಬ ಸಂಸ್ಕೃತ ಶಬ್ದವೇ ಕನ್ನಡದಲ್ಲಿ 'ಬಸದಿ' ಆಯಿತೆಂಬುದನ್ನೂ, ಕೇರಳದಲ್ಲಿ ಇಂದು ಚರ್ಚು ಮಸೀದಿಗಳಿಗೆ ಹೇಳುವ 'ಪಳ್ಳಿ' ಒಂದು ಕಾಲಕ್ಕೆ ಜೈನ ಬೌದ್ಧರ ನೆಲೆಗಳಿಗೂ ಸಲ್ಲುತ್ತಿದ್ದಿತೆಂಬುದನ್ನೂ ಮಗು ಮನೆಯಲ್ಲಿಯೇ ತಿಳಿಯಬೇಕು.

ಆದುದರಿಂದ ಪ್ರತಿ ಮನೆಯಲ್ಲಿಯೂ ಒಂದು ಪುಸ್ತಕವಿರಲಿ. ನೋಡಿ ಬಂದ ದಿನವೇ ಮೂರು ಅಂಶಗಳನ್ನು ಬರೆಯಿರಿ: ನಾನು ಕಣ್ಣಿನಿಂದ ಕಂಡದ್ದು, ಇತರರು ಹೇಳಿದ್ದು, ಇನ್ನೂ ತಿಳಿಯದೆ ಉಳಿದದ್ದು. ಮಗು ತನಗೆ ಬರುವ ಲಿಪಿಯಲ್ಲಿ ಬರೆಯಲಿ. ಅಜ್ಜ ಅಜ್ಜಿಯರು ಅದರ ಪಕ್ಕದಲ್ಲಿ ಕನ್ನಡದ ಹೆಸರುಗಳನ್ನು ಬರೆದುಕೊಡಲಿ.

ಪಾಲಿಸಬೇಕಾದ ನಿಯಮಗಳು

1. ಪಾದರಕ್ಷೆಗಳನ್ನು ಹೊರಗೆ ಬಿಟ್ಟು ಒಳಹೋಗಿರಿ. ಬಿಂಬವಿಲ್ಲದಿದ್ದರೂ ಅದು ಜಿನಾಲಯವೇ.
2. ಭಕ್ತಿಯಿಂದಾದರೂ ಎಣ್ಣೆ, ಕುಂಕುಮ, ಗಂಧಗಳನ್ನು ಹಚ್ಚಬೇಡಿರಿ. ಅವು ಕೆತ್ತನೆಯನ್ನು ಕೆಡಿಸುತ್ತವೆ.
3. ಕೆತ್ತನೆಗಳನ್ನು ಮುಟ್ಟಬೇಡಿರಿ, ಹೆಸರು ಗೀಚಬೇಡಿರಿ, ಚೂರು ಕಲ್ಲನ್ನೂ ತರಬೇಡಿರಿ. ಕೊಡದೆ ತೆಗೆದುಕೊಳ್ಳದಿರುವುದು ಅಚೌರ್ಯಾಣುವ್ರತ.
4. ತೆರೆದಿರುವ ವೇಳೆಯನ್ನು ಮೊದಲೇ ವಿಚಾರಿಸಿಕೊಂಡು ಹೊರಡಿರಿ.

ಮುಂದಿನ ಸಲ ಮಗು "ದೇವರು ಎಲ್ಲಿ?" ಎಂದು ಕೇಳಿದಾಗ ಅವಸರಪಡಬೇಡಿರಿ. ಬಾಗಿಲವಾಡದ ಮೇಲೆ ಕುಳಿತ ಪುಟ್ಟ ಬಿಂಬವನ್ನು ತೋರಿಸಿರಿ. ಅದು ಯಾರೆಂದು ಹೇಗೆ ತಿಳಿಯಿತೆಂದು ಮಗುವೇ ವಿವರಿಸಲಿ. ಅಂದಿನ ಸ್ವಾಧ್ಯಾಯ ಅಲ್ಲಿಗೆ ಸಂಪೂರ್ಣವಾಗುತ್ತದೆ.

ಜೈ ಜಿನೇಂದ್ರ.